ಇನ್ನೂ ಸ್ವಲ್ಪ ಎಡಕ್ಕೆ

ದ್ವೀಪದ ಆಸ್ಪತ್ರೆಯ ನೀರಿನ ಪಂಪು ಕೆಟ್ಟು ಕೂತಿತ್ತು. ಅಲ್ಲಿ ನರ್ಸಾಗಿದ್ದ ಅಮ್ಮ ರೇಡಿಯೋದಲ್ಲಿ, "ಟ್ಯಾಂಕಿನ ತಳ ಕಾಣ್ತಿದೆ, ಬೇಗ ಬನ್ನಿ," ಎಂದಿದ್ದಳು. ಹೊಸ ಪಂಪನ್ನು ಹಾಯಿದೋಣಿಯಲ್ಲಿ ತಲುಪಿಸುವ ಕೆಲಸ ಅಕ್ಕನ ತಲೆಗೆ ಬಂತು. ನಕ್ಷೆಗೆ ಅವಳ ಗಂಡ, ಚುಕ್ಕಾಣಿಗೆ ಅವಳ ತಮ್ಮ. ಆದರೆ ಲಂಗರೊಂದನ್ನು ಕಳೆದದ್ದು ಯಾರೆಂಬ ಜಗಳದ ನಂತರ ಭಾವ ಭಾಮೈದರಿಗೆ ಮಾತೇ ಇರಲಿಲ್ಲ.

ದಡದ ಶೆಡ್ಡಿನಲ್ಲಿ ನಕ್ಷೆ ಹರಡಿದರು. ದ್ವೀಪ ನೇರ ಪೂರ್ವಕ್ಕಿತ್ತು. ಗಾಳಿಯೂ ಪ್ರವಾಹವೂ ಸೇರಿ ದೋಣಿಯನ್ನು ಬಲಕ್ಕೆ ತಳ್ಳುತ್ತವೆ. ದ್ವೀಪ ದಾಟಿ ಅದರ ಬಲಗಡೆಗೆ ಜಾರಿದರೆ ಎರಡನ್ನೂ ಎದುರಿಸಿ ಹಿಂದಿರುಗುವುದು ಆಗದ ಮಾತು. ಆದ್ದರಿಂದ ಎಡಕ್ಕೆ ಗುರಿಯಿಟ್ಟೇ ಹೊರಡಬೇಕು. ತೀರಾ ಎಡಕ್ಕೆ ಹೋದರೆ ಬಂಡೆಸಾಲು ಕಾದಿರುತ್ತದೆ.

"ನಿನ್ ತಮ್ಮಂಗೆ ಹೇಳು, ಎಡಕ್ಕೆ ಹತ್ತು ಡಿಗ್ರಿ," ಎಂದು ಭಾವ ಅವಳ ಕಿವಿಯಲ್ಲಿ ಉಸುರಿದ. ನಾಲ್ಕು ಮೊಳ ದೂರದಲ್ಲೇ ಕೂತಿದ್ದ ತಮ್ಮನಿಗೆ ಅಕ್ಕ ಹೋಗಿ ಹೇಳಿದಳು.

"ಪ್ರವಾಹದ ಲೆಕ್ಕ ಹಿಡಿದಿದಾರಾ ಕೇಳಕ್ಕ."

"ನನಗೇ ಪಾಠ ಹೇಳ್ತಾನಾ?" ಎಂದು ಭಾವ ನಕ್ಷೆ ಮಡಚಿಬಿಟ್ಟ.

"ನಿಮ್ಮಿಬ್ರಿಗೂ ಅಂಚೆಯವಳಾಗಿ ಸಾಕಾಗಿ ಹೋಗಿದೆ," ಎಂದಳು ಅಕ್ಕ.

ದಡ ಮರೆಯಾದ ಮೇಲೆ ಕಡಲು ಬೂದುಬಣ್ಣಕ್ಕೆ ತಿರುಗಿತು. ಅಲೆಗಳು ಎಡಮಗ್ಗುಲಿಗೆ ಬಡಿದು ಉಪ್ಪುನೀರನ್ನು ಮೂವರ ಮುಖಕ್ಕೂ ಎರಚುತ್ತಿದ್ದವು. ಪಂಪಿಗೆ ಹೊದಿಸಿದ ಟಾರ್ಪಾಲು ಗಾಳಿಗೆ ಪಟಪಟನೆ ಹೊಡೆದುಕೊಳ್ಳುತ್ತಿತ್ತು. ದ್ವೀಪ ಕಾಣಬೇಕಾದ ಹೊತ್ತು ಮೀರಿದರೂ ಕಣ್ಣಿಗೆ ಬರೀ ನೀರೇ.

ಆಮೇಲೆ ಎದುರಿಗೆ ಬಿಳಿ ನೊರೆ ಕಂಡಿತು.

"ಬಂಡೆ," ಎಂದ ತಮ್ಮ.

"ಬಲಕ್ಕೆ ತಿರುಗ್ಸೋ, ಪೂರ್ತಿ ಬಲಕ್ಕೆ," ಎಂದು ಭಾವ ಕೂಗಿದ, ನೇರವಾಗಿ ಅವನಿಗೇ.

"ನೀವು ಹಾಯಿಯ ಹಗ್ಗ ಬಿಡಿ ಭಾವ."

ಹಾಯಿಯ ದೂಲ ಮೂವರ ತಲೆಯ ಮೇಲೆ ಬೀಸಿ ಹೋಯಿತು. ಬಟ್ಟೆ ಪರ್ರನೆ ಹರಿಯಿತು. ದೋಣಿ ವಾಲಿ, ನಡುಗಿ, ನೊರೆಯ ಅಂಚಿನಿಂದ ಪಾರಾಯಿತು.

"ಪ್ರವಾಹ ಸೇರ್ಸೇ ಹತ್ತು ಅಂದಿದ್ದೆ," ಎಂದ ಭಾವ.

"ಯಾರು ಹೇಳಿದ್ರು ನಂಗೆ? ಪ್ರವಾಹಕ್ಕೆ ಅಂತ ನಾನು ಮೇಲೆ ಹತ್ತು ಸೇರಿಸ್ದೆ."

"ಇಪ್ಪತ್ತಾದ್ರೂ ಇಷ್ಟು ದೂರ ಬರಲ್ಲ ಕಣೋ."

ಇಬ್ಬರೂ ಅಕ್ಕನ ಕಡೆ ತಿರುಗಿದರು. ಅವಳು ಬಿಗಿಯಾಗಿಯೇ ಇದ್ದ ಗಂಟನ್ನು ಮತ್ತೆ ಬಿಗಿದಳು.

"ಹೇಳುವಾಗ ನಾನೂ ಐದು ಸೇರಿಸಿದ್ದೆ," ಎಂದಳು. "ನಿಮ್ಮನ್ನ ನಂಬೋದು ಹೇಗೆ?"

ದ್ವೀಪ ಈಗ ಬಲಕ್ಕಿತ್ತು, ಇನ್ನು ಗಾಳಿಯೂ ಪ್ರವಾಹವೂ ಬೆನ್ನಿಗಿದ್ದವು. ಹರಿದ ಹಾಯಿಯಲ್ಲೇ ಸಂಜೆಗೆ ಮುಂಚೆ ದ್ವೀಪ ಸೇರಿದರು. ನಲ್ಲಿಯಲ್ಲಿ ನೀರು ಬಂದಾಗ ಅಮ್ಮ ಮೊದಲು ಕೊಡ ಹಿಡಿದಳು, ಆಮೇಲೆ ಮಕ್ಕಳ ಮುಖ ನೋಡಿದಳು.

ವಾಪಸ್ಸು ದಾರಿ ಇನ್ನೂ ಕಷ್ಟದ್ದು. ಗಾಳಿ ಈಗ ಪಶ್ಚಿಮದಿಂದ ಬೀಸುತ್ತಿತ್ತು, ಹೊಲಿದ ಹಾಯಿಯಲ್ಲಿ ಅದಕ್ಕೆ ಎದುರಾಗಿ ಅಂಕುಡೊಂಕಾಗಿ ಸಾಗಬೇಕು. ಈ ಸಲ ಭಾವ ಭಾಮೈದರು ನಕ್ಷೆಯ ಮೇಲೆ ತಲೆಗೆ ತಲೆ ತಾಗಿಸಿ, ಪ್ರತಿ ತಿರುವಿಗೂ ಬಾಯಿಗೆ ಬಂದಂತೆ ಬೈದಾಡಿಕೊಂಡರು. ಅಕ್ಕನ ತಲೆ ಸಿಡಿಯುತ್ತಿತ್ತು. ಆದರೂ ಯಾರೂ ಅವಳನ್ನು ಏನೂ ಕೇಳಲಿಲ್ಲ, ಅದೇ ದೊಡ್ಡ ನೆಮ್ಮದಿ.

ಊರಿನ ಧಕ್ಕೆ ನೇರ ಮೂಗಿನೆದುರಿಗೇ ಕಂಡಿತು. ಲಂಗರು ಯಾರು ಹಾಕಬೇಕೆಂದು ಇಬ್ಬರೂ ಮತ್ತೆ ಶುರುಮಾಡಿದರು.

ಅಕ್ಕ ಎದ್ದುಹೋಗಿ ತಾನೇ ಹಾಕಿದಳು.