ತಣ್ಣಗೆ ನಿಂತ ಕೊಳವೆ

ಮಗುವಿನ ಕೋಣೆಯ ಕೊಳವೆ ಹೆಣದಂತೆ ತಣ್ಣಗಿತ್ತು.

ಪೆರ್ಮ್ ಊರಿನ ಮನೆಗಳನ್ನೆಲ್ಲ ಬೆಚ್ಚಗಿಡಲು ಕೊಳವೆಗಳಲ್ಲಿ ಬಿಸಿನೀರು ಹರಿಸತೊಡಗಿ ವಾರವಾಗಿತ್ತು. ಹೊರಗೆ ಹಿಮ. ಅಡುಗೆಮನೆ ಬೆಚ್ಚಗಿತ್ತು, ಮಲಗುವ ಕೋಣೆಯಲ್ಲಿ ಮಾತ್ರ ಉಸಿರು ಹೊಗೆಯಾಡುತ್ತಿತ್ತು.

“ಇನ್ನೊಂದು ಸಲ ಕೆಮ್ಮು ಹಿಡಿದ್ರೆ ಆಸ್ಪತ್ರೆಗೇ ಸೇರಿಸ್ಬೇಕಂತೆ, ರೈಸಾ ಅತ್ತೆ,” ಎಂದಳು ಮೂರನೇ ಮಹಡಿಯ ಫಾನಿಯಾ, ಕೂಸನ್ನು ಎದೆಗವಚಿಕೊಂಡು. “ಮೇಲಿನ ಗೇನಾಂದೇ ಕೆಲ್ಸ. ಬೇಸಿಗೇಲಿ ಹೊಸ ರೇಡಿಯೇಟರ್ ಹಾಕಿಸ್ದ. ಶಾಖ ಎಲ್ಲಾ ಅವನೇ ನುಂಗ್ತಿದಾನೆ!”

ನೆರೆಮನೆಯ ರೈಸಾ ಪೊಲೀಸ್ ತನಿಖೆಯಲ್ಲಿ ಕೂದಲು ನರೆಸಿಕೊಂಡು ನಿವೃತ್ತಳಾದವಳು. ಮೆಟ್ಟಿಲೇರಿದಳು.

ಗೇನಾ ಮೂರು ಸ್ವೆಟರ್ ತೊಟ್ಟೇ ಬಾಗಿಲು ತೆರೆದ. “ನುಂಗಿದ್ರೆ ಹಿಂಗಿರ್ತಿದ್ನಾ? ಮುಟ್ಟಿ ನೋಡಿ!”

ಅಲ್ಲೂ ತಣ್ಣಗೆ. ತಿರುಪು ಪೂರ್ತಿ ತೆರೆದೇ ಇತ್ತು.

ಒಂದರ ಮೇಲೊಂದು ಐದು ಮಲಗುವ ಕೋಣೆ. ಎಲ್ಲಕ್ಕೂ ಒಂದೇ ಕೊಳವೆ; ಅಡುಗೆಮನೆಗಳದು ಬೇರೆ. ಬೇಸಿಗೆಯಲ್ಲಿ ಒಳಸೇರಿದ ಗಾಳಿ ಮೇಲ್ತುದಿಯಲ್ಲಿ ಕೂತರೆ ಬಿಸಿನೀರು ಅಲುಗದು. ಅದನ್ನು ಹೊರಬಿಡುವ ತಿರುಪು ಇದ್ದದ್ದು ಐದನೇ ಮಹಡಿಯಲ್ಲಿ, ಮುದುಕ ಸವೇಲಿಚ್ ಮನೆಯಲ್ಲಿ.

“ಗಾಳಿ ಬಿಟ್ರಾ, ಸವೇಲಿಚ್?”

“ಆಗ್ಲೇ ಬಿಟ್ಟೆ.” ಮುದುಕ ಬಾಗಿಲಿಗೆ ಅಡ್ಡ ನಿಂತ.

“ನೀರು ಬಂತಾ?”

“ಬರ್ದೇ ಏನು? ಲೋಟ ತುಂಬ ಹಿಡಿದೆ. ಒರತೆ ನೀರಿನ ಹಾಗೆ, ತಿಳಿಯಾಗಿ.”

ಹಿಂದೆಯೇ ಬಂದಿದ್ದ ಗೇನಾ ಗೊಣಗಿದ: “ಹಂಗಾದ್ರೆ ನೆಲಮಾಳಿಗೇಲೇ ಏನೋ ಕೆಟ್ಟಿದೆ. ರಿಪೇರಿಯವನು ಬರೋಷ್ಟ್ರಲ್ಲಿ ವಸಂತ ಬಂದಿರುತ್ತೆ.”

“ನೀನು ಕೆಳಗೆ ಹೋಗಪ್ಪ,” ಎಂದಳು ರೈಸಾ.

ಅವನು ಇಳಿದ ಮೇಲೆ ದನಿ ತಗ್ಗಿಸಿದಳು.

“ಬೇಸಿಗೆಯೆಲ್ಲ ಕೊಳವೇಲಿ ನಿಂತ ನೀರು, ಸವೇಲಿಚ್. ಮೊದಲು ಬರೋದು ಮಸಿಯಂಥ ಕಪ್ಪು ನೀರು. ನಾತ ಬೇರೆ. ಒಂದೇ ಸಲ ಬಿಟ್ಟೋರಿಗೂ ಅದು ಗೊತ್ತು. ವರ್ಷವರ್ಷ ಬಿಡ್ತಿದ್ದವಳು ನಿಮ್ಮ ಹೆಂಡತಿ ಲಿದಿಯಾ. ನೀವು ಬಿಟ್ಟೇ ಇಲ್ಲ. ಅವಳು ತೀರಿಕೊಂಡ ಮೇಲೆ ಆ ಕೋಣೆ ಬಾಗಿಲೇ ತೆಗೆದಿಲ್ಲ — ಅಲ್ವಾ?”

ಮುದುಕ ಬಾಗಿಲಿನಿಂದ ಪಕ್ಕಕ್ಕೆ ಸರಿದ. “ಕಾಲಿಡಕ್ಕಾಗಲ್ಲ, ರೈಸಾ. ನಮ್ಮ ಕೋಣೆ ಒಂದೇ ತಣ್ಣಗಿರುತ್ತೆ, ಇರ್ಲಿ ಬಿಡು, ಅಂದ್ಕೊಂಡೆ.”

“ಕೆಳಗೆ ಕೂಸಿದೆ.”

ಸವೇಲಿಚ್ ಬೋಗುಣಿ ತಂದು, ತಾನೇ ಆ ಕೋಣೆಯ ಬಾಗಿಲು ತೆರೆದ.

ರೈಸಾ ತಿರುಪು ಸಡಿಲಿಸಿದಳು. ಗಾಳಿ ಬಹಳ ಹೊತ್ತು ಬುಸುಗುಟ್ಟಿತು. ಆಮೇಲೆ ಕಪ್ಪು ನೀರು ಚಿಮ್ಮಿ ಅವನ ತೋಳನ್ನು ತೋಯಿಸಿತು. ಕೊಳವೆ ಗುಳುಗುಟ್ಟಿ ಮೆಲ್ಲಗೆ ಬೆಚ್ಚಗಾಯಿತು.

“ಗೇನಾಗೆ ಏನಂತ ಹೇಳೋದು?” ಎಂದ ಸವೇಲಿಚ್.

“ಗಾಳಿ ಇತ್ತು, ಹೋಯ್ತು ಅಂತ.”

ಅಷ್ಟರಲ್ಲಿ ಕೆಳಗಿನಿಂದ ಯಾರೋ ಚಮಚದಲ್ಲಿ ಕೊಳವೆ ಬಡಿದರು — ಟಣ್, ಟಣ್. ಫಾನಿಯಾ. ಕೆಳಗೂ ಬಿಸಿ ಮುಟ್ಟಿತ್ತು.

ಸವೇಲಿಚ್ ಬಾಗಿ, ಬೆರಳ ಗೆಣ್ಣಿನಿಂದ ಮರುತಟ್ಟಿದ.

“ನೀವು ಹೊರಡಿ, ರೈಸಾ. ನಾನು ಸ್ವಲ್ಪ ಹೊತ್ತು ಇಲ್ಲೇ ಇರ್ತೀನಿ.”