ಹೊಟ್ಟೆ ತುಂಬದ ಕೌದಿ

“ಬಾಯಾರ, ನಿಮ್ಮ ಕಾಲಿಗಿ ಬೀಳ್ತೇನಿ, ಆ ಕೌದಿ ಎಳೀಬ್ಯಾಡ್ರಿ. ಎಳದವರ್ನ ಹಿಡೀತೈತಿ ಅದು.”

ನೆರೆಮನೆಯ ರಾಚವ್ವ ತಾಯವ್ವನ ಬಾಗಿಲಿಗೆ ಅಡ್ಡ ನಿಂತಿದ್ದಳು. ನರ್ಸಬಾಯಿ ಮಕ್ತುಮಬಿಗೆ ಪಿತ್ತ ನೆತ್ತಿಗೇರಿತು. ವಿಜಾಪುರದಿಂದ ತಿಕೋಟೆಗೆ ವರ್ಗವಾಗಿ ಬಂದು ಎರಡು ತಿಂಗಳಾಗಿತ್ತು. ಎರಡು ತಿಂಗಳೂ ಇದೇ ಮನೆ, ಇದೇ ತಾಯವ್ವ, ಇದೇ ಹಾಸಿಗೆ. ಗಂಡ ಸತ್ತು ಒಬ್ಬಳೇ ಉಳಿದ ಅರವತ್ತೈದರ ಹೆಂಗಸು. ಜ್ವರವಿಲ್ಲ, ಕೆಮ್ಮಿಲ್ಲ, ನಾಡಿ ನೆಟ್ಟಗಿದೆ. ಆದರೆ ವರ್ಷಗಳಿಂದ ಏಳುವುದಿಲ್ಲ, ಸರಿಯಾಗಿ ಉಣ್ಣುವುದಿಲ್ಲ. ಡಾಕ್ಟರ ಮುಂದೆ ಹೇಳಿದರೆ, ಅದು ಎಪ್ಪತ್ತಾರನೇ ಇಸವಿ, ಕುಟುಂಬಯೋಜನೆಯ ಒತ್ತಾಯದ ಕಾಲ ನೋಡಿ, “ಆಪರೇಶನ್ ಕೇಸ್ ತರ್ರಿ ಮೊದ್ಲ, ಮುದುಕ್ಯಾರ್ನ ಬಿಡ್ರಿ” ಎಂದು ರಿಜಿಸ್ಟರು ಮುಚ್ಚಿದ್ದರು. ನಿನ್ನೆಯಿಂದ ತಾಯವ್ವ ನೀರನ್ನೂ ಬಿಟ್ಟಿದ್ದಳು. ಹೀಗೇ ಬಿಟ್ಟರೆ ಸಾಯುವುದು ಖಂಡಿತ.

“ಕೌದಿ ಹಿಡೀತೈತಂತ, ಕೌದಿ! ಒಂಟಿ ಜೀವಕ್ಕ ಬ್ಯಾಸರ ಹಿಡದೈತಿ. ನೀವು ಒಬ್ಬರರ ಬಂದು ಮಾತಾಡ್ಸೀರೇನು?”

“ಸಾವಂತ್ರವ್ವ ಹೊಲದದ್ರಿ ಅದು...”

ಆ ಕತೆ ಮಕ್ತುಮಬಿಗೆ ಬಾಯಿಪಾಠವಾಗಿತ್ತು. ಹಳೆ ಬಟ್ಟೆಯ ತುಂಡು ಕೂಡಿಸಿ ಹೊದೆಯುವ ಕೌದಿ ಹೊಲಿದು ಮುಗಿಸುವಾಗ ಕಡೆಯ ಮೂಲೆಯಲ್ಲಿ ರೊಟ್ಟಿಯ ಚೂರಿಟ್ಟು ಹೊಲಿಗೆ ಹಾಕುತ್ತಾರೆ. ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ ಅದಕ್ಕೆ. ಹೊಲಿಯುವ ಸಾವಂತ್ರವ್ವನ ಜೊತೆ ಮಾತಿಗೆ ಮಾತು ಬೆಳೆದು, ತಾಯವ್ವ ಆ ಚೂರನ್ನೂ ಕೊಡಲಿಲ್ಲವಂತೆ. ಸಾವಂತ್ರವ್ವ ಸುಡುಗಾಡಿನ ಬೂದಿ ತಂದು, ಮಂತ್ರ ಹಾಕಿ, ಮೂಲೆಗೆ ತುಂಬಿದಳಂತೆ. ಹಸಿದ ಕೌದಿ ಹೊದ್ದವರ ಆಸೆಯನ್ನೆಲ್ಲ ತಿನ್ನುತ್ತದಂತೆ.

“ಸರಿ ಅತ್ಲಾಗ” ಎಂದು ರಾಚವ್ವನನ್ನು ನೂಕಿ ಒಳಗೆ ಹೋದಳು.

ಹೊರಗೆ ಸುಡುಸುಡು ಬಿಸಿಲು. ಒಳಕೋಣೆಯಲ್ಲಿ ಕಣ್ಣಿಗೆ ಕೈ ಕಾಣದ ಕತ್ತಲು. ಕಮಟು ಎಣ್ಣೆ, ಇಲಿಯ ಹಿಕ್ಕೆ, ಹಳೆಯ ಬೆವರಿನ ವಾಸನೆ. ಎಲ್ಲೋ ನೂಲು ಕಚ್ಚುವ ಸಣ್ಣ ಸದ್ದು. ಕತ್ತಲೊಳಗಿಂದ ತಾಯವ್ವನ ದನಿ ಬಂತು.

“ಬ್ಯಾಡ ಯವ್ವಾ. ನನ್ನ ಕರ್ಮ ನಾ ಉಣ್ತೇನಿ. ನೀನೂ ಒಬ್ಬಾಕೀನ ಇದ್ದಿ.”

ಆ ಮಾತು ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಸಿಟ್ಟಿನ ಭರದಲ್ಲಿ ಎರಡೂ ಕೈ ಹಾಕಿ ಎಳೆದಳು. ಎಷ್ಟು ಭಾರ! ಕೌದಿ ಬರಲೊಲ್ಲದು. ಮತ್ತೆ ಎಳೆದಳು. ಚರ್ರೆಂದು ಕಳಚಿ ಬಂತು.

ತಾಯವ್ವ ಎದ್ದು ಕೂತಳು. ಕಣ್ಣುಜ್ಜಿಕೊಂಡಳು. “ಹಸಿವ್ಯಾಗೇತಿ” ಎಂದಳು.

ಮಕ್ತುಮಬಿಗೆ ಅಳುವೇ ಬಂತು, ಅಷ್ಟು ಸಂತೋಷ. ಮೂಲೆಯಲ್ಲಿ ಏನೂ ಇಲ್ಲವೆಂದು ತೋರಿಸಿ ಊರವರ ಬಾಯಿ ಮುಚ್ಚಿಸಲೇಬೇಕೆಂದು ಕೌದಿಯನ್ನು ಕಂಕುಳಲ್ಲಿಟ್ಟುಕೊಂಡು ತನ್ನ ಕ್ವಾರ್ಟರ್ಸಿಗೆ ಬಂದಳು. ಮಂಚದ ಮೇಲೆ ಹರಡಿ, ಕತ್ತರಿಯಿಂದ ಮೂಲೆ ಬಿಚ್ಚಿದಳು. ಬೂದಿ. ಬೂದಿಯೊಳಗೆ ಬಿಳಿಗೂದಲಿನ ಗಂಟು. ಇಷ್ಟೇ ಏನು ಎಂದು ನಗಬೇಕೆಂದುಕೊಂಡಳು. ನಗೆ ಬರಲಿಲ್ಲ.

ಒಂದು ಗಳಿಗೆ ಕೂತಳು. ಕೌದಿ ಮೊಣಕಾಲ ಮೇಲಿತ್ತು. ತಾನು ಎಳೆದುಕೊಂಡಿರಲಿಲ್ಲ. ಯಾ ಅಲ್ಲಾ! ಈಗ ಎದೆಯ ಮೇಲಿತ್ತು. ಕಿಟಕಿಯ ಬೆಳಕು ಕಂದಿತು. ಬೂದಿಯ ವಾಸನೆ ಗಂಟಲಿಗೇರಿತು. ಏಳಬೇಕು. ಕಾಲು ಕೇಳಲಿಲ್ಲ. ಏಳಬೇಕು. ಯಾರ ಸಲುವಾಗಿ? ಕೇಳಿದ್ದು ತನ್ನದೇ ದನಿ. ಮೂವತ್ತು ವರ್ಷ ಊರೂರು ಸುತ್ತಿ ಕಂಡವರ ಬಾಣಂತನ ಮಾಡಿದ್ದಾಯಿತು. ಮಕ್ತುಮಬಿ ಉಂಡಳೇ ಎಂದು ಕೇಳಿದವರು ಯಾರು? ಕೌದಿ ಗದ್ದಕ್ಕೆ ಬಂತು.

ಮೂರನೆಯ ದಿನ ಬಾಗಿಲು ತೆರೆಯಿತು. ತೊಳೆದ ಸೀರೆಯುಟ್ಟು, ನುಚ್ಚು ಮಜ್ಜಿಗೆ ಹಿಡಿದು ತಾಯವ್ವ ನಿಂತಿದ್ದಳು. ಒಂದೇ ನೋಟಕ್ಕೆ ಅವಳಿಗೆ ಎಲ್ಲ ತಿಳಿಯಿತು. ಹತ್ತಿರ ಬಂದಳು. ಕೌದಿಯ ಅಂಚಿಗೆ ಕೈ ಚಾಚಿದಳು. ಎಳಿ, ತಾಯವ್ವಾ, ಎಳಿ! ಮಕ್ತುಮಬಿಯ ತುಟಿ ಅಲುಗಲಿಲ್ಲ.

ತಾಯವ್ವ ಕೈ ಹಿಂದಕ್ಕೆ ತೆಗೆದುಕೊಂಡಳು.

“ವರ್ಷಾನಗಟ್ಲೆ ಅದರಾಗ ಬಿದ್ದಿದ್ನೆವ್ವಾ. ಮತ್ತ ನನ್ನ ಕೈಲೆ ಆಗಂಗಿಲ್ಲ. ನನ್ನ ಬೈಬ್ಯಾಡ.”

ನುಚ್ಚನ್ನು ನೆಲಕ್ಕಿಟ್ಟಳು. ಅಳುತ್ತಲೇ ಹೊರಗೆ ಹೋದಳು. ಹೊರಗಿನ ಚಿಲಕ ಬಿತ್ತು.

“ಬಾಯಾರು ಅದಾರೇನು?” ಓಣಿಯಲ್ಲಿ ರಾಚವ್ವನ ದನಿ.

“ವಿಜಾಪುರಕ್ಕ ಹೋಗ್ಯಾರ” ಎಂದಳು ತಾಯವ್ವ. “ಇನ್ನ ಬರಂಗಿಲ್ಲಂತ.”

“ಹೇಳದಾಂಗ ಹೋದ್ರಲ್ಲಬೇ” ಎಂದು ರಾಚವ್ವ ಲೊಚಗುಟ್ಟಿದಳು. ಇಬ್ಬರ ಹೆಜ್ಜೆಗಳೂ ಮಾತಾಡುತ್ತ ದೂರವಾದವು.