ಉಳವಪ್ಪ ಸರ್ ಅವರ ಸ್ಕೌಟ್

"ಉಳವಪ್ಪ ಸರ್ ಇದ್ದಾರೇನ್ರಿ? ಹಾನಗಲ್ಲಿಂದ ಬಂದೇನಿ. ನಾ ಅವರ ಸ್ಕೌಟ್."

ಶಿಗ್ಗಾಂವದ ಕಾಳಿನ ಅಂಗಡಿಯ ಬಾಗಿಲಲ್ಲಿ ನಿಂತು ಆ ಹುಡುಗ ಇಷ್ಟು ಹೇಳಿದ್ದೇ ತಡ, ಒಳಗೆ ಕಂಪ್ಯೂಟರಿನ ಹಿಂದೆ ಬಿಲ್ ಹಾಕುತ್ತಿದ್ದ ಉಳವಪ್ಪನವರ ಮಗಳು ಅಂಕಿತಾ ಬಿಲ್ ಅರ್ಧಕ್ಕೇ ಬಿಟ್ಟು ತಲೆಯೆತ್ತಿದಳು. ನೀಲಿ ಅಂಗಿ, ಬಿಸಿಲಿಗೆ ಕೆಂಪಾದ ಮುಖ, ಕೈಯಲ್ಲಿ ಪೇಡೆಯ ಡಬ್ಬಿ. ಆಕೆ ಅವನ ಫೋಟೋ ನೋಡಿರಲಿಲ್ಲ, ದನಿ ಕೇಳಿರಲಿಲ್ಲ. ಆದರೂ ಲೋಹಿತ ಇವನೇ ಎಂದು ತಿಳಿಯಲು ಆ ಒಂದು ಮಾತು ಸಾಕಾಗಿತ್ತು. ನಾಳೆ ಬರುತ್ತೇನೆ ಎಂದಿದ್ದವ ಇವತ್ತೇ ಬಂದುಬಿಟ್ಟಿದ್ದ.

ನಾಳೆಯೇ ಬಂದಿದ್ದರೆ ಅಷ್ಟರೊಳಗೆ ನಿಜ ಹೇಳಿಬಿಡುತ್ತಿದ್ದೆ ಎಂದು ಆಕೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸುಳ್ಳು. ಎಷ್ಟೋ ದಿನದಿಂದ ಇದೇ ಕಥೆ. ಫೋನ್ ಎತ್ತುವುದು, ನಾಲ್ಕು ಸಾಲು ಬರೆಯುವುದು, ಅಳಿಸುವುದು, ಫೋನನ್ನು ಮಗುಚಿಡುವುದು, ಮತ್ತೆ ಎತ್ತುವುದು. ಊಟ ರುಚಿಸುತ್ತಿರಲಿಲ್ಲ. "ಕುಂತಲ್ಲಿ ಕುಂದ್ರವಲ್ಲಿ, ಏನಾಗೇತಿ ನಿನಗ?" ಎಂದು ಅವ್ವ ಸರೋಜವ್ವ ಕೇಳಿ ಕೇಳಿ ಬಿಟ್ಟಿದ್ದಳು.

"ಸ್ಕೌಟ್ ಅಂದ್ರ?" ಉಳವಪ್ಪ ಅಂಗೈಯಲ್ಲಿದ್ದ ಗೋವಿನಜೋಳದ ಕಾಳನ್ನು ತಟ್ಟೆಗೆ ಸುರಿದರು. "ಯಾವ ಕಂಪನಿ ತಮ್ಮಾ ನಿಂದು? ಬೀಜದ್ದೋ, ಗೊಬ್ಬರದ್ದೋ?"

ಸರ್ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡ ಲೋಹಿತ ಹಲ್ಲು ಕಾಣುವಂತೆ ನಕ್ಕ. "ವರದಾ ವಾರಿಯರ್ಸ್ ಕಂಪನಿದ್ರಿ."

ಉಳವಪ್ಪನವರಿಗೆ ಆ ಹೆಸರಿನ ಗೊಬ್ಬರ ನೆನಪಾಗಲಿಲ್ಲ. ನೆನಪಾಗುವುದಾದರೂ ಹೇಗೆ? ವರದಾ ವಾರಿಯರ್ಸ್ ಇದ್ದದ್ದು ಮಗಳ ಕೈಯಲ್ಲಿರುತ್ತಿದ್ದ ಅಂಗಡಿಯ ಮೊಬೈಲಿನಲ್ಲಿ.

ಅದೊಂದು ಹಾಕಿ ಆಟ. ಆದರೆ ಅದರಲ್ಲಿ ಕೋಲು ಹಿಡಿದು ಓಡುವಂತಿಲ್ಲ. ಕ್ಲಬ್ ಕಟ್ಟಬೇಕು, ಕೋಚ್‌ಗಳನ್ನು ನೇಮಿಸಬೇಕು, ಒಳ್ಳೆಯ ಆಟಗಾರರನ್ನು ಹುಡುಕಿ ವರದಿ ಕೊಡುವ ಸ್ಕೌಟ್‌ಗಳನ್ನು ಇಟ್ಟುಕೊಳ್ಳಬೇಕು, ಆಮೇಲೆ ಕೈಕಟ್ಟಿ ಕೂತು ಮ್ಯಾಚ್ ನೋಡಬೇಕು. ಕಾಲೇಜಿನ ಹಾಕಿ ಟೀಮಿನಲ್ಲಿ ಆಡಿ ಮೊಣಕಾಲು ಕೆಡಿಸಿಕೊಂಡಿದ್ದ ಅಂಕಿತಾಗೆ ಅಷ್ಟಾದರೂ ಹಾಕಿ ಬೇಕಿತ್ತು. ಅಂಗಡಿಯ ಫೋನಿನಲ್ಲಿ ಇಳಿಸಿಕೊಂಡಳು. ಅದರಲ್ಲಿದ್ದದ್ದು ಅಪ್ಪನ ಜಿಮೇಲ್. ಹಾಗಾಗಿ ಮ್ಯಾನೇಜರ್ ಹೆಸರು ತಾನಾಗಿಯೇ 'ಉಳವಪ್ಪ, ಶಿಗ್ಗಾಂವ' ಎಂದು ಬಂತು. ಗಂಡಸಿನ ಹೆಸರಿದ್ದರೆ ಕಂಡಕಂಡವರ ಹಲೋ ಹಾಯ್ ಕಾಟ ಇರುವುದಿಲ್ಲ ಎಂದು ಹಾಗೇ ಬಿಟ್ಟಳು.

ಮೊದಲ ಸೀಸನ್ನಿಗೆ ದೊಡ್ಡ ಹೆಸರಿಗೆ ಮರುಳಾಗಿ ಒಬ್ಬ ಡಚ್ ಕೋಚನ್ನು ತಂದಳು. ಆತ ಎಳೆಯ ಹುಡುಗರಿಗೆಲ್ಲ ಮುಂದೆ ನುಗ್ಗುವುದನ್ನಷ್ಟೇ ಕಲಿಸಿದ. ಹಿಂದೆ ಗೋಲು ಕಾಯುವವರೇ ಇಲ್ಲದೆ ವರದಾ ವಾರಿಯರ್ಸ್ ಎಲ್ಲರಿಗಿಂತ ಕೆಳಗೆ ಬಂದು ಕೂತಿತು. ಆಗ ಸ್ಕೌಟ್ ಬೇಕೆಂದು ಹುಡುಕಿದಳು. ಆಟದಲ್ಲಿ ಸ್ವಂತ ಕ್ಲಬ್ ಮುಳುಗಿಸಿಕೊಂಡವರು ಇನ್ನೊಬ್ಬರ ಕೈಕೆಳಗೆ ಸ್ಕೌಟ್ ಆಗಿ ಸೇರಬಹುದು. ಹಾಗೆ ಸಿಕ್ಕವನು ಲೋಹಿತ. ಮನೆ ಹಾನಗಲ್, ಕೆಲಸ ಹಿರೇಕೆರೂರು ಕಡೆಯ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರಿಕೆ.

"ನಿನ್ನ ಕ್ಲಬ್ ಯಾಕ ಮುಳುಗಿತು?" ಎಂದು ಆಕೆ ಚಾಟಿನಲ್ಲಿ ಇಂಟರ್‌ವ್ಯೂ ಮಾಡಿದ್ದಳು, ಅಪ್ಪನ ಗತ್ತಿನಲ್ಲಿ.

"ಯಾರನ್ನೂ ಕೆಲಸದಿಂದ ತೆಗಿಯಾಕ ಮನಸ್ಸಾಗಲಿಲ್ಲ ಸರ್. ಮುದುಕ ಗೋಲ್‌ಕೀಪರು, ಮುದುಕ ಕೋಚು, ಎಲ್ಲಾರನೂ ಇಟಗೊಂಡು ಕುಂತೆ."

ಬುದ್ಧಿಯಿದ್ದ ಮ್ಯಾನೇಜರ್ ಯಾರೂ ಅಂಥವನನ್ನು ನೇಮಿಸುವುದಿಲ್ಲ. ಅಂಕಿತಾ ಕೂಡಲೇ ನೇಮಿಸಿದಳು.

ಅವನ ಕಣ್ಣು ಮಾತ್ರ ಬಹಳ ಚುರುಕು. "ಕೋಚ್ ಹೆಸರು ನೋಡಬ್ಯಾಡ್ರಿ ಸರ್, ಅವನ ಕೈಯಾಗ ಹುಡುಗರು ಎಷ್ಟು ಬೆಳದಾರ ನೋಡ್ರಿ" ಎನ್ನುತ್ತಿದ್ದ. ಡಚ್ಚನನ್ನು ಕಳಿಸಿ ಯಾರೂ ಹೆಸರು ಕೇಳಿರದ ಒಬ್ಬ ಕೋಚನ್ನು ತಂದರು. ಕ್ಲಬ್ ಮೇಲೇರಿತು. ಮಾತೂ ಬೆಳೆಯಿತು.

"ಈ ಗೋಲ್‌ಕೀಪರಿಗೆ ನಾಕು ಸ್ಟಾರ್ ತೋರಸ್ತೈತಿ. ನಂಬಬ್ಯಾಡ್ರಿ, ಎಡಗಡೆ ಬಾಲ್ ಹಿಡಿಯಂಗಿಲ್ಲ."

"ಸ್ಟಾರ್ ನಂಬ್ಲೋ, ನಿನ್ನ ನಂಬ್ಲೋ?"

"ನನ್ನ ನಂಬ್ರಿ. ಸುಳ್ಳು ರಿಪೋರ್ಟ್ ಕೊಡೂ ಸ್ಕೌಟ್ ಅಲ್ಲ ನಾ. ಈ ವಯಸ್ಸಿನಾಗೂ ನಿಮಗ ಇಷ್ಟು ಹಟ ಐತಲ್ರಿ ಸರ್, ಪ್ರಾಯದಾಗ ಮನಿ ಮಂದಿನ್ನ ಎಷ್ಟು ಕಾಡಿರಬೇಕು!"

ಆಕೆ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕಿದ್ದಳು. ಆ ನಗು ಯಾವಾಗ ಕಾಯುವಿಕೆಯಾಯಿತೋ ಆಕೆಗೇ ಗೊತ್ತಾಗಲಿಲ್ಲ. ಅವನ ಶಾಲೆ ಬಿಡುವ ಹೊತ್ತಿಗೆ ಗಿರಾಕಿಗಳೆಲ್ಲ ಆಕೆಗೆ ವೈರಿಗಳಂತೆ ಕಾಣುತ್ತಿದ್ದರು.

ಒಂದು ಸಂಜೆ ಮೆಸೇಜ್ ಬಂತು. "ಸರ್, ಹಿರಿಯರು ಅಂತ ಕೇಳಾಕತ್ತೇನಿ. ಸವಣೂರಿಗೆ ಹೆಣ್ಣು ನೋಡಾಕ ಹೋಗಿದ್ವಿ. ಪೂಜಾ ಅಂತ, ಕಾಲೇಜಿನಾಗ ಲೈಬ್ರರಿಯನ್. ಚಲೋ ಹುಡುಗಿ ಅನಸ್ತು. ನೀವು ಆ ಕಡೆ ವ್ಯಾಪಾರ ಮಾಡಾವ್ರು. ಆ ಮನೆತನ ಹೆಂಗ್ರಿ?"

ಚಲೋ ಹುಡುಗಿ. ಆ ಎರಡು ಮಾತು ಅಂಕಿತಾಗೆ ಸಾಕಾದವು. ಆಕೆ ಯೋಚಿಸಲಿಲ್ಲ. "ಬ್ಯಾಡ. ಆ ಮನೆತನ ನನಗ ಗೊತ್ತೈತಿ. ಜಗಳಗಂಟ ಮಂದಿ" ಎಂದು ಬರೆದು ಕಳಿಸಿದಳು.

ನಮ್ಮ ಕಡೆ ಮದುವೆ ಮಾತಿನಲ್ಲಿ ಜಾತಕ ಕೂಡದಿದ್ದರೂ ನಡೆದೀತು, ಹಿರಿಯರೊಬ್ಬರು 'ಆ ಮನೆತನ ನನಗ ಗೊತ್ತೈತಿ' ಎಂದು ಮುಖ ತಿರುಗಿಸಿದರೆ ಸಂಬಂಧ ಅಲ್ಲಿಗೇ ನಿಂತಿತು. ಪೂಜಾಳ ಸಂಬಂಧವೂ ಹಾಗೇ ನಿಂತಿತು. ಅಂದಿನಿಂದ ಅಂಕಿತಾಳ ನೆಮ್ಮದಿಯೂ ಹೋಯಿತು.

ಈಗ ಲೋಹಿತ ಪೇಡೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಉಳವಪ್ಪನವರ ಕಾಲಿಗೆ ನಮಸ್ಕಾರ ಮಾಡಿ ಎದ್ದ. ನಗು ಮಾಸಿತ್ತು.

"ಒಂದು ಮಾತು ಕೇಳಬೇಕಾಗಿತ್ರಿ ಸರ್. ಅದಕ್ಕ ತಡಿಲಾರದ ಇವತ್ತ ಬಂದೆ. ಸವಣೂರಿನ ಮನೆತನ ಜಗಳಗಂಟರು ಅಂತ ನೀವು ಹೇಳಿದ್ರಿ. ನಾವು ಅದನ್ನ ಹೇಳಿ ಬ್ಯಾಡ ಅಂದ್ವಿ. ನಿನ್ನೆ ಆ ಹುಡುಗಿ ಫೋನ್ ಮಾಡಿ, 'ನಮ್ಮನ್ಯಾಗ ಯಾರು ಯಾರ ಜೋಡಿ ಜಗಳ ಮಾಡ್ಯಾರ, ಹೇಳಿಬಿಡ್ರಿ' ಅಂದ್ಳು. ಅಳಾಕತ್ತಿದ್ಳು. ಏನ್ ಹೇಳ್ಲಿರಿ ನಾ?"

"ನಾ ಹೇಳಿದ್ನಿ?" ಉಳವಪ್ಪ ಎದ್ದು ನಿಂತರು. "ಯಾವ ಮನೆತನ? ತಮ್ಮಾ, ನಿನ್ನ ಮಾರಿ ನಾ ಇವತ್ತ ನೋಡಾಕತ್ತೇನಿ!"

ಸುಮ್ಮನಿದ್ದರೆ ನಡೆಯುತ್ತಿತ್ತು. ಹುಡುಗ ಎಲ್ಲೋ ತಪ್ಪಿ ಬಂದಿದ್ದಾನೆ ಎಂದು ಅಪ್ಪ ಚಹಾ ಕುಡಿಸಿ ಕಳಿಸುತ್ತಿದ್ದರು. ಅಂಕಿತಾ ಬಿಲ್ಲಿನ ಕಟ್ಟನ್ನು ಪಕ್ಕಕ್ಕಿಟ್ಟಳು. ಅವನ ಮುಖ ನೋಡಿದಳು. ಇಲ್ಲದ ಆಟಗಾರರನ್ನೂ ಕೆಲಸದಿಂದ ತೆಗೆಯಲಾರದವನು, ಇನ್ನೊಬ್ಬರ ಮಗಳ ಕಣ್ಣೀರಿಗೆ ಕಾರಣ ಹುಡುಕಿಕೊಂಡು ಬಸ್ ಹತ್ತಿ ಬಂದಿದ್ದ.

"ಅಪ್ಪ ಹೇಳಿಲ್ರಿ. ನಾ ಹೇಳೇನಿ." ಆಕೆ ಎದ್ದಳು. "ಉಳವಪ್ಪ ಸರ್ ನಾನ. ನಿಮ್ಮನ್ನ ಸ್ಕೌಟ್ ಅಂತ ಇಟಗೊಂಡಾಕಿನೂ ನಾನ, ಆ ಮನೆತನದ ಮ್ಯಾಲ ಸುಳ್ಳು ಬರದಾಕಿನೂ ನಾನ."

ಲೋಹಿತ ಆಕೆಯನ್ನು ನೋಡಿದ. ಮೊದಲು ಅರ್ಥವಾಗದೆ, ಆಮೇಲೆ ಅರ್ಥವಾಗಿ. ಕಿವಿ ಕೆಂಪಾದವು. ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದ.

"ನನ್ನ ಹೆಸರಿಲೆ ಇನ್ನೊಬ್ಬರ ಮನಿಗೆ ಮಸಿ ಬಳದ್ಯಾ?" ಅಪ್ಪನ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು.

"ಬಳದೇನಿ ಅಪ್ಪಾ. ಬೈಯೂದಿದ್ರ ಬಂದ ಮ್ಯಾಲ ಬೈ. ಈಗ ಹೋಗಲಿಲ್ಲ ಅಂದ್ರ ಅಂವ ಸಿಗಂಗಿಲ್ಲ."

ಉಳವಪ್ಪ ಮಗಳ ಮುಖವನ್ನೇ ನೋಡಿದರು. ವ್ಯಾಪಾರಿಯ ಕಣ್ಣು, ಎಲ್ಲವೂ ತಿಳಿಯಿತು. "ಹೋಗು. ಮೊದಲು ಮಾಡಿದ್ದನ್ನ ಸರಿ ಮಾಡು. ಉಳಿದದ್ದು ಆಮ್ಯಾಲ."

ಕೆಟ್ಟ ಮೊಣಕಾಲಿನಲ್ಲೇ ಓಡಿದಳು. ಸ್ಟ್ಯಾಂಡಿನಲ್ಲಿ ಹಾನಗಲ್ ಬಸ್ಸು ಆಗಲೇ ಗುರುಗುಡುತ್ತಿತ್ತು. ಅವನು ಕಿಟಕಿಯ ಪಕ್ಕ ಕೂತಿದ್ದ.

"ಇಳೀರಿ."

"ಯಾರ ಆರ್ಡರ್ರಿದು? ಉಳವಪ್ಪ ಸರ್‌ದ?"

"ಬೈರಿ. ಆದ್ರ ಕೇಳಿ ಬೈರಿ. ಪೂಜಾನ್ನ ನಾ ಕಣ್ಣಿಲೆ ಕಂಡಿಲ್ಲ. ಆಕಿ ಚಲೋ ಹುಡುಗಿ ಅಂತ ನೀವು ಬರದ್ರಿ, ನನಗ ತಡಕೊಳ್ಳಾಕ ಆಗಲಿಲ್ಲ. ಹೊಟ್ಟಿಕಿಚ್ಚು."

"ಹೊಟ್ಟಿಕಿಚ್ಚು ಯಾಕ?"

"ಗೊತ್ತಿಲ್ಲೇನ್ರಿ?"

"ಗೊತ್ತಾಗೇತಿ. ಇಷ್ಟು ದಿನ ಎಲ್ಲಾ ನಿಮ್ಮ ಅಪ್ಪನ ಹೆಸರಿಲೆ ಕೇಳೇನಿ. ಇದೊಂದಾದ್ರೂ ನಿಮ್ಮ ಹೆಸರಿಲೆ ಕೇಳೂಣು."

ಹಿಂದಿನ ಸೀಟಿನ ಅಜ್ಜಿ ಕತ್ತು ಚಾಚಿದಳು. ಬಾಗಿಲಲ್ಲಿ ಕಂಡಕ್ಟರ್ ಸೀಟಿ ಬಾಯಿಗಿಟ್ಟು ಊದುವುದನ್ನೇ ಮರೆತ. ಅಂಕಿತಾಗೆ ನಾಚಿಕೆ ಪಡಲು ಪುರುಸೊತ್ತಿರಲಿಲ್ಲ.

"ನಾ ಅಂಕಿತಾ. ನನಗ ನೀವು ಬೇಕು. ಸ್ಕೌಟ್ ಅಂತ ಅಲ್ಲ."

ಲೋಹಿತ ತಲೆ ಕೆರೆದುಕೊಂಡ. "ಒಬ್ಬ ಮುದುಕನ ಮೆಸೇಜಿಗೆ ನಾ ಯಾಕ ಹಿಂಗ ಕಾಯಾಕತ್ತೇನಿ ಅಂತ ಹುಚ್ಚು ಹಿಡದಂಗ ಆಗಿತ್ರಿ ನನಗ. ಪೂಜಾನ್ನ ನೋಡಿ ಬಂದ ದಿನ ಮನಿಗೆ ಬರೂದ್ರಾಗ ನಿಮಗ ಬರದೇನಿ. ನೀವು 'ಬ್ಯಾಡ' ಅಂದಾಗ ಸಮಾಧಾನ ಆತು. ಅದಕ್ಕ ನಾಚಿಕಿ ಬರಾಕತ್ತೇತಿ ಈಗ."

"ಹಂಗಾರ ಇಳೀರಿ."

"ಇಳದ್ರ ಎಲ್ಲಾ ಸರಿ ಆತೇನ್ರಿ? ಅಲ್ಲೊಬ್ಬಾಕಿ ಅಳಾಕತ್ಯಾಳ."

"ಅದಕ್ಕ ಇಳೀರಿ ಅಂದೆ. ಸವಣೂರ ಬಸ್ಸು ಆ ಕಡೆ ನಿಂತೇತಿ. ಸುಳ್ಳು ಬರದಾಕಿ ನಾನು, ಹೋಗಿ ನಾನ ಹೇಳ್ತೇನಿ. ನಿಮಗ ನಾ ಬ್ಯಾಡ ಅಂದ್ರೂ ಹೇಳಿ ಬರ್ತೇನಿ. ಆ ಕಾಲೇಜು ಎಲ್ಲೈತಿ ಅಂತ ತೋರಸ್ರಿ, ಅಷ್ಟ ಸಾಕು."

ಕಂಡಕ್ಟರ್ ಕಡೆಗೂ ಸೀಟಿ ಊದಿದ. ಬಸ್ಸು ಅಲುಗಿತು. "ತಡೀರಿ, ತಡೀರಿ, ಇಳಿಯಾವ್ರು ಇದ್ದೇವಿ!" ಎಂದು ಕೂಗುತ್ತ ಲೋಹಿತ ಮಂದಿಯ ಕಾಲು ತುಳಿದುಕೊಂಡು ಕೆಳಗೆ ಹಾರಿದ.

ಸವಣೂರ ಬಸ್ಸಿನಲ್ಲಿ ಜಾಗ ಸಿಕ್ಕಿತು. ಅಂಕಿತಾ ಕಿಟಕಿಗೆ ಒತ್ತಿ ಕೂತಳು, ಅವನು ಸೀಟಿನ ಈಚೆ ತುದಿಗೆ. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದರು. ಬಸ್ಸು ಊರು ದಾಟಿತು. ಆಕೆ ಬೆರಳ ನೆಟಿಗೆ ಮುರಿಯುತ್ತಿದ್ದಳು.

"ಆಕಿ ಭಾಳ ಬೈತಾಳ," ಎಂದ ಲೋಹಿತ.

"ಬೈಯ್ಲಿ."

"ಎಲ್ಲಾರ ಮುಂದ ಬೈತಾಳ."

"ನಾ ಮುಂದ ನಿಂದ್ರತೇನಿ. ನೀವು ಹೊರಗ ಇರ್ರಿ."

"ಬರದಾಕಿ ನೀನಾದ್ರ ವಿಚಾರ ಮಾಡದ ನಂಬಿದಾಂವ ನಾನು." ಅವನು ಸರಿದು ಪಕ್ಕಕ್ಕೆ ಬಂದು ಕೂತ. ಬೆರಳು ಮುರಿಯುತ್ತಿದ್ದ ಆಕೆಯ ಕೈಯನ್ನು ಹಿಡಿದು ನಿಲ್ಲಿಸಿದ. "ಇಬ್ರೂ ಕೂಡೇ ಬೈಸಿಗೊಳ್ಳೂಣು."

ಅಂಕಿತಾ ಕಿಟಕಿಯ ಕಡೆ ಮುಖ ತಿರುಗಿಸಿ, ತಡೆದಿಟ್ಟ ಅಳುವನ್ನೆಲ್ಲ ಅತ್ತಳು. ಅವನು ಕೈ ಬಿಡಲಿಲ್ಲ.